ಮೇಷ್ಟರನ್ನು ನಂಬಿದ ಮೂವತ್ತು ವರ್ಷ

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋಗಿಬಂದವರಿಗೆ ಇಟಾರ್ಸಿ ಜಂಕ್ಷನ್ ಪರಿಚಿತ. ಅಲ್ಲಿಂದ ಉತ್ತರಕ್ಕೆ ಸುಮಾರು 18 ಕಿಲೋಮೀಟರ್ ಹೋದರೆ ನರ್ಮದೆಯ ದಕ್ಷಿಣ ದಡದಲ್ಲಿ ಹೋಶಂಗಾಬಾದ್ ಸಿಗುತ್ತದೆ. 2022ರಿಂದ ಅದರ ಅಧಿಕೃತ ಹೆಸರು ನರ್ಮದಾಪುರಂ. ಗೋಧಿ, ಸೋಯಾ ಬೆಳೆಯುವ ಈ ಜಿಲ್ಲೆಗೆ ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಪ್ರತ್ಯೇಕ ಅಧ್ಯಾಯ ಸಲ್ಲುತ್ತದೆ. ಅಲ್ಲಿನ ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ 1972ರಿಂದ 2002ರವರೆಗೆ, ಸರಿಯಾಗಿ ಮೂವತ್ತು ವರ್ಷ, 6ರಿಂದ 8ನೇ ತರಗತಿಯ ಮಕ್ಕಳು ವಿಜ್ಞಾನವನ್ನು ಪ್ರಯೋಗ ಮಾಡಿಯೇ ಕಲಿತರು. ಕಡತದಲ್ಲಿ ಅದರ ಹೆಸರು ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ. ಜನರ ಬಾಯಲ್ಲಿ ಬರೀ ‘ಹೋಶಂಗಾಬಾದ್ ವಿಜ್ಞಾನ’.

ಶುರುವಾಗಿ ಐವತ್ತು ವರ್ಷ ದಾಟಿದ ಈ ಪ್ರಯತ್ನವನ್ನು ನೆನೆಯುವಾಗ ಸಾಮಾನ್ಯವಾಗಿ ಅದರ ಅಗ್ಗದ ಉಪಕರಣಗಳ ಮಾತು, ಮಕ್ಕಳ ಉತ್ಸಾಹದ ಮಾತು ಮೊದಲು ಬರುತ್ತದೆ. ಅವೆಲ್ಲ ನಿಜವೇ. ಆದರೆ ಶಿಕ್ಷಕರಿಗಾಗಿ ಹೊರಬರುವ ಈ ಸಂಚಿಕೆಯಲ್ಲಿ ಒತ್ತಿ ಹೇಳಬೇಕಾದದ್ದು ಇನ್ನೊಂದಿದೆ. ಹಳ್ಳಿಯ ಮೇಷ್ಟರನ್ನು ಸಹೋದ್ಯೋಗಿ ಎಂದು ನಂಬಿದ ಕೆಲಸ ಅದು. ಆ ನಂಬಿಕೆ ಭಾಷಣದಲ್ಲಿ ಮುಗಿಯಲಿಲ್ಲ. ಅದರ ಬೆನ್ನಿಗೆ ಆದೇಶ, ಭತ್ಯೆ, ಸಭೆ, ಪರೀಕ್ಷೆಗಳ ಗಟ್ಟಿ ಏರ್ಪಾಡು ನಿಂತಿತ್ತು.

ಹದಿನಾರು ಶಾಲೆಗಳ ಅನುಮತಿ

ಆರಂಭ ಎರಡು ಸಣ್ಣ ಸಂಸ್ಥೆಗಳಿಂದ. ಒಂದು, ಹೋಶಂಗಾಬಾದ್ ಪಟ್ಟಣದ ಪಕ್ಕದ ರಸೂಲಿಯಾದಲ್ಲಿದ್ದ ಫ್ರೆಂಡ್ಸ್ ರೂರಲ್ ಸೆಂಟರ್. ಕ್ವೇಕರ್ ಪರಂಪರೆಯ ಈ ಗ್ರಾಮಾಭಿವೃದ್ಧಿ ಕೇಂದ್ರದ ಹೊಣೆ ಆಗ ಸುದರ್ಶನ್ ಕಪೂರ್ ಅವರದು. ಇನ್ನೊಂದು, ಜಿಲ್ಲೆಯ ಪೂರ್ವ ಭಾಗದ ಬನಖೇಡಿ ಬಳಿಯ ಕಿಶೋರ್ ಭಾರತಿ. ಅದನ್ನು ಕಟ್ಟಿದವರು ಅನಿಲ್ ಸದ್ಗೋಪಾಲ್. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಜೀವವಿಜ್ಞಾನಿಯಾಗಿದ್ದ ಅವರು ಆ ಕೆಲಸ ಬಿಟ್ಟು ಹಳ್ಳಿಗೆ ಬಂದಿದ್ದರು.

ಅದೇ ಹೊತ್ತಿಗೆ ಅಖಿಲ ಭಾರತ ವಿಜ್ಞಾನ ಶಿಕ್ಷಕರ ಸಂಘದ ಭೌತವಿಜ್ಞಾನ ಅಧ್ಯಯನ ತಂಡ ಪ್ರಯೋಗದ ಮೂಲಕ ಭೌತವಿಜ್ಞಾನ ಕಲಿಸುವ ಒಂದು ಕ್ರಮವನ್ನು ರೂಪಿಸಿ, ಅನುಕೂಲವಿದ್ದ ಕೆಲವು ಶಾಲೆಗಳಲ್ಲಿ ನಡೆಸಿ ನೋಡಿತ್ತು. ಪ್ರಯೋಗಾಲಯವಿಲ್ಲದ, ಒಮ್ಮೊಮ್ಮೆ ಬೆಂಚೂ ಇಲ್ಲದ ಹಳ್ಳಿ ಶಾಲೆಯಲ್ಲಿ ಇದು ನಡೆದೀತೇ ಎಂಬ ಪ್ರಶ್ನೆ ಉಳಿದಿತ್ತು. ಮಧ್ಯಪ್ರದೇಶ ಸರ್ಕಾರ 1972ರಲ್ಲಿ ಹದಿನಾರು ಗ್ರಾಮೀಣ ಶಾಲೆಗಳಲ್ಲಿ ಇದನ್ನು ಪರೀಕ್ಷಿಸಲು ಅನುಮತಿ ಕೊಟ್ಟಿತು. ಸ್ವಂತ ಶಾಲೆ ತೆರೆದು ಮಾದರಿ ತೋರಿಸುವ ಹಾದಿಯನ್ನು ಈ ಸಂಸ್ಥೆಗಳು ಹಿಡಿಯಲಿಲ್ಲ. ಇದ್ದ ಶಾಲೆ, ಇದ್ದ ಶಿಕ್ಷಕರು, ಇದ್ದ ವೇಳಾಪಟ್ಟಿ, ಎಲ್ಲ ಅದೇ. ಬದಲಾಗಬೇಕಾದದ್ದು ಕಲಿಸುವ ರೀತಿ ಮಾತ್ರ.

ಟಾಟಾ ಸಂಸ್ಥೆಯ ವಿಜ್ಞಾನಿಗಳು ಕೈಜೋಡಿಸಿದರು. ಯಶ್‌ಪಾಲ್ ಅವರಂಥ ಹಿರಿಯರ ಬೆಂಬಲ ದೊರೆಯಿತು. 1973ರಿಂದ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರ ಗುಂಪೊಂದು ಬರತೊಡಗಿತು. ವಿಶ್ವವಿದ್ಯಾಲಯದವರು ಹಳ್ಳಿಯಲ್ಲಿ ಬಂದು ಕೆಲಸ ಮಾಡಲು ಯುಜಿಸಿ ಫೆಲೋಶಿಪ್ ಕೊಟ್ಟದ್ದು ಆ ಕಾಲಕ್ಕೆ ಅಪರೂಪದ ಸಂಗತಿ.

ಉತ್ತರವಿಲ್ಲದ ಪುಸ್ತಕ

ಮಕ್ಕಳ ಕೈಗೆ ಕೊಟ್ಟ ಪುಸ್ತಕ ‘ಬಾಲ ವೈಜ್ಞಾನಿಕ’. ಮೊದಲು ಬಿಡಿ ಅಧ್ಯಾಯಗಳಾಗಿ ತರಗತಿಗಳಲ್ಲಿ ಪರೀಕ್ಷೆಗೊಳಗಾಗಿ, ತಿದ್ದುಪಡಿಗೊಂಡು, 1978ರ ಹೊತ್ತಿಗೆ ಮಧ್ಯಪ್ರದೇಶದ ಪಠ್ಯಪುಸ್ತಕ ನಿಗಮದಿಂದಲೇ ಅಚ್ಚಾಯಿತು. ಅದರಲ್ಲಿ ವ್ಯಾಖ್ಯೆಗಳಿರಲಿಲ್ಲ, ಸಾರಾಂಶವಿರಲಿಲ್ಲ. ಹೀಗೆ ಮಾಡು, ಏನಾಯಿತು ನೋಡು, ಯಾಕೆ ಹಾಗಾಯಿತು ಎಂದು ನಿನ್ನ ಗುಂಪಿನಲ್ಲಿ ಚರ್ಚಿಸು ಎಂಬ ಧಾಟಿಯ ಸೂಚನೆ ಮತ್ತು ಪ್ರಶ್ನೆಗಳಷ್ಟೇ ಇದ್ದವು. ನಾಲ್ಕು ನಾಲ್ಕು ಮಕ್ಕಳ ಗುಂಪುಗಳು ಪ್ರಯೋಗ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದವು. ಪುಸ್ತಕದ ಪ್ರಶ್ನೆ ಮತ್ತು ಮಗುವಿನ ನೋಟ್‌ಬುಕ್ ಎರಡೂ ಸೇರಿದರೇ ಪಾಠ ಪೂರ್ತಿ.

ಅಧ್ಯಾಯಗಳ ಆಯ್ಕೆಯಲ್ಲೂ ಧೈರ್ಯವಿತ್ತು. ಬಾಟಲಿಯಲ್ಲಿ ಸಗಣಿ ಇಟ್ಟು ನೊಣದ ಮೊಟ್ಟೆ ಮರಿಯಾಗಿ, ಕೋಶವಾಗಿ, ಮತ್ತೆ ನೊಣವಾಗುವುದನ್ನು ಮಕ್ಕಳು ದಿನವೂ ಗಮನಿಸಿದರು. ಹೂವನ್ನು ಬಿಡಿಸಿ ನೋಡಲು ಜಾಲಿಮುಳ್ಳು ಸೂಜಿಯ ಬದಲಿಗೆ ಬಂತು. ಎಲೆಗಳನ್ನು ಗುಡ್ಡೆ ಹಾಕಿ ಗುಂಪು ಮಾಡುವಾಗ ವರ್ಗೀಕರಣ ಎಂದರೇನು ಎಂಬುದು ಹೊಳೆಯಿತು. ನಾಣ್ಯ, ದಾಳ ಎಸೆದು ಆಕಸ್ಮಿಕ ಮತ್ತು ಸಂಭವನೀಯತೆಯ ಲೆಕ್ಕ ಹಾಕುವ ಪಾಠ ಮಾಧ್ಯಮಿಕ ಶಾಲೆಗೇ ಇಳಿಯಿತು.

ಇವುಗಳಲ್ಲಿ ಅಳತೆಯ ಪಾಠವನ್ನು ವಿಶೇಷವಾಗಿ ಎತ್ತಿ ಹೇಳಬೇಕು. ಒಂದೇ ಮೇಜನ್ನು ಎಲ್ಲ ಮಕ್ಕಳೂ ಅಳೆಯುತ್ತಾರೆ. ಉತ್ತರಗಳು ಮಾತ್ರ ಬೇರೆ ಬೇರೆ. ಮಾಮೂಲಿ ತರಗತಿಯಲ್ಲಾದರೆ ಯಾರೋ ಒಬ್ಬರದು ಸರಿ, ಉಳಿದವರದು ತಪ್ಪು. ಇಲ್ಲಿ ಎಲ್ಲ ಅಂಕಿಗಳೂ ಕಪ್ಪುಹಲಗೆಗೆ ಏರುತ್ತವೆ. ಅಳತೆಯಲ್ಲಿ ಏರಿಳಿತ ಸಹಜ, ಅದಕ್ಕೆ ಕಾರಣಗಳಿವೆ, ಅದನ್ನು ಸರಾಸರಿಯಿಂದ, ಅಂದಾಜಿನಿಂದ ನಿಭಾಯಿಸಬಹುದು ಎಂಬುದು ಚರ್ಚೆಯಿಂದ ಹೊರಬರುತ್ತದೆ. ಮಕ್ಕಳಿಗಿಂತ ಮೊದಲು ಈ ಪಾಠ ಅರಗಿಸಿಕೊಳ್ಳಬೇಕಾದವರು ಮೇಷ್ಟರು. ಸರಿಯುತ್ತರ ತನ್ನ ಬಳಿ ಇದೆ ಎಂಬ ಸ್ಥಾನದಿಂದ ಇಳಿದು ಬರುವುದು ಯಾವ ಶಿಕ್ಷಕರಿಗೂ ಸುಲಭವಲ್ಲ.

ಬೇಸಿಗೆಯ ಮೂರು ವಾರ, ತಿಂಗಳಿಗೊಂದು ದಿನ

ಆದ್ದರಿಂದಲೇ ತರಬೇತಿಗೆ ಅಷ್ಟು ಮಹತ್ವ. ಪ್ರತಿ ಶಿಕ್ಷಕರಿಗೂ ಮೂರು ಬೇಸಿಗೆಗಳಲ್ಲಿ, ಒಂದೊಂದು ತರಗತಿಯ ಪಠ್ಯಕ್ಕೆ ಮೂರು ಮೂರು ವಾರಗಳ ಶಿಬಿರ. ನರ್ಮದಾ ಕಣಿವೆಯ ಉರಿಬಿಸಿಲಿನಲ್ಲಿ ಶಿಕ್ಷಕರು ಮಕ್ಕಳ ಹಾಗೆಯೇ ಗುಂಪುಗಳಲ್ಲಿ ಕೂತು ಪುಸ್ತಕದ ಪ್ರತಿಯೊಂದು ಪ್ರಯೋಗವನ್ನೂ ಸ್ವತಃ ಮಾಡುತ್ತಿದ್ದರು. ಅವರಲ್ಲಿ ಬಹಳ ಮಂದಿ ಕಾಲೇಜಿನಲ್ಲಿ ವಿಜ್ಞಾನ ಓದಿದವರಲ್ಲ. ಎದುರಿಗೆ ಇದ್ದವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಸಂಶೋಧಕರು. ಆದರೂ ಉಪನ್ಯಾಸಕ್ಕೆ ಅಲ್ಲಿ ಜಾಗ ಕಡಿಮೆ. ಪ್ರಯೋಗ ಕೈಕೊಟ್ಟರೆ ಏಕೆ ಕೈಕೊಟ್ಟಿತು ಎಂದು ಪ್ರಾಧ್ಯಾಪಕರೂ ಶಿಕ್ಷಕರೂ ಒಟ್ಟಿಗೆ ತಲೆಕೆಡಿಸಿಕೊಳ್ಳಬೇಕಿತ್ತು. ‘ನನಗೆ ಗೊತ್ತಿಲ್ಲ, ಹುಡುಕೋಣ’ ಎಂಬ ಮಾತು ಅಲ್ಲಿ ಅವಮಾನವಾಗಿರಲಿಲ್ಲ. ದಿನದ ಕೊನೆಗೆ ಸಂಪನ್ಮೂಲ ವ್ಯಕ್ತಿಗಳು ಸೇರಿ ಅಂದಿನ ಪಾಠ ಎಲ್ಲಿ ಎಡವಿತು ಎಂದು ವಿಮರ್ಶಿಸಿ ಮರುದಿನದ ಸಿದ್ಧತೆ ಮಾಡುತ್ತಿದ್ದರು.

ಶಿಬಿರ ಮುಗಿದ ಮೇಲೇನು? ನಮ್ಮ ನಾಡಿನ ಶಿಕ್ಷಕರಿಗೂ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಓಓಡಿ ಮೇಲೆ ಹೋಗಿ, ಸಹಿ ಹಾಕಿ, ಮಾಡ್ಯೂಲ್ ಹಿಡಿದು ಶಾಲೆಗೆ ಮರಳಿದರೆ ಅಲ್ಲಿಗೆ ತರಬೇತಿ ಮುಗಿದಂತೆ. ಹೋಶಂಗಾಬಾದಿನಲ್ಲಿ ಮುಖ್ಯ ಕೆಲಸ ಶುರುವಾಗುತ್ತಿದ್ದುದೇ ಆಮೇಲೆ. ಕೊಠಾರಿ ಆಯೋಗ ಹೇಳಿದ ಶಾಲಾ ಸಂಕೀರ್ಣದ ಮಾದರಿಯಲ್ಲಿ ಒಂದು ಪ್ರೌಢಶಾಲೆಯ ಸುತ್ತ ಹತ್ತಿರದ ಶಾಲೆಗಳನ್ನು ಸೇರಿಸಿದ ‘ಸಂಗಮ ಕೇಂದ್ರ’ಗಳಿದ್ದವು. ಪ್ರತಿ ತಿಂಗಳು ಒಂದು ದಿನ ಆ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರ ಗೋಷ್ಠಿ. ಯಾವ ಪ್ರಯೋಗ ಫಲಿಸಲಿಲ್ಲ, ಕಿಟ್ಟಿನಲ್ಲಿ ಏನು ಖಾಲಿಯಾಗಿದೆ, ಮಕ್ಕಳು ಕೇಳಿದ ಯಾವ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ, ಮುಂದಿನ ತಿಂಗಳ ಅಧ್ಯಾಯಕ್ಕೆ ಏನು ತಯಾರಿ ಬೇಕು ಎಂಬುದೇ ಅದರ ಕಾರ್ಯಸೂಚಿ. ಅದಲ್ಲದೆ ಅನುಭವಿ ಶಿಕ್ಷಕರು ಬೇರೆ ಶಾಲೆಗಳಿಗೆ ಹೋಗಿ ತರಗತಿಯಲ್ಲಿ ಕೂತು ನೆರವಾಗುತ್ತಿದ್ದರು. ಅವರು ತನಿಖಾಧಿಕಾರಿಗಳಲ್ಲ, ಜೊತೆಗಾರರು.

ಇದಕ್ಕೆಲ್ಲ ಸರ್ಕಾರದ ಲಿಖಿತ ಆದೇಶವಿತ್ತು. ಗೋಷ್ಠಿಗೆ ಹೋಗುವುದು ಕರ್ತವ್ಯದ ಭಾಗ, ಅದಕ್ಕೆ ಪ್ರಯಾಣ ಭತ್ಯೆ ಉಂಟು. ಶಿಕ್ಷಕರ ಕಾಳಜಿಯನ್ನು ಬಾಯಲ್ಲಿ ಹೊಗಳಿ ಖರ್ಚನ್ನು ಅವರ ಜೇಬಿಗೇ ಬಿಡುವ ಪದ್ಧತಿಯನ್ನು ಕಂಡವರಿಗೆ ಈ ಸಣ್ಣ ವಿವರದ ಬೆಲೆ ಅರ್ಥವಾಗುತ್ತದೆ.

ಕೆಲವೇ ವರ್ಷಗಳಲ್ಲಿ ಪಾತ್ರಗಳು ಬದಲಾದವು. ಮೊದಮೊದಲು ತರಬೇತಿ ಪಡೆದ ಶಿಕ್ಷಕರೇ ಸಂಪನ್ಮೂಲ ತಂಡದ ಸದಸ್ಯರಾಗಿ ಹೊಸಬರಿಗೆ ತರಬೇತಿ ಕೊಟ್ಟರು, ಅಧ್ಯಾಯ ಬರೆಯುವ ಕಾರ್ಯಾಗಾರಗಳಲ್ಲಿ ವಾದ ಮಾಡಿದರು, ಪ್ರಶ್ನೆಪತ್ರಿಕೆ ರಚಿಸಿದರು. ಗ್ರಾಮದ ಮೇಷ್ಟರು ಪ್ರಾಧ್ಯಾಪಕರ ಮುಂದೆ ನಿಂತು ‘ಈ ಪ್ರಯೋಗ ನನ್ನ ತರಗತಿಯಲ್ಲಿ ನಡೆಯುವುದಿಲ್ಲ, ಬದಲಿಸಿ’ ಎನ್ನಬಹುದಾಗಿತ್ತು, ಪುಸ್ತಕವೂ ಬದಲಾಗುತ್ತಿತ್ತು.

ಪುಸ್ತಕ ತೆರೆದು ಬರೆಯುವ ಪರೀಕ್ಷೆ

ಪರೀಕ್ಷೆ ಹಳೆಯದೇ ಉಳಿದರೆ ಹೊಸ ಬೋಧನೆ ಬಾಳುವುದಿಲ್ಲ ಎಂಬುದು ಈ ತಂಡಕ್ಕೆ ಮೊದಲೇ ತಿಳಿದಿತ್ತು. ಮಧ್ಯಪ್ರದೇಶದಲ್ಲಿ ಎಂಟನೇ ತರಗತಿಗೆ ಬೋರ್ಡ್ ಪರೀಕ್ಷೆಯಿತ್ತು. ಅದರೊಳಗೇ ವಿಜ್ಞಾನಕ್ಕೆ ಪ್ರತ್ಯೇಕ ವ್ಯವಸ್ಥೆಯಾಯಿತು. ಲಿಖಿತ ಪರೀಕ್ಷೆಗೆ ಮಕ್ಕಳು ಬಾಲ ವೈಜ್ಞಾನಿಕವನ್ನೂ ತಮ್ಮ ನೋಟ್‌ಬುಕ್ಕನ್ನೂ ತರಬಹುದಿತ್ತು. ಪ್ರಾಯೋಗಿಕ ಪರೀಕ್ಷೆ ಬೇರೆ ಇತ್ತು. ನಕಲು ಹೊಡೆಯಲು ಏನೂ ಇಲ್ಲದ ಪ್ರಶ್ನೆಪತ್ರಿಕೆ ತಯಾರಿಸುವುದೇ ಶಿಕ್ಷಕರಿಗೆ ಒಂದು ದೊಡ್ಡ ಕಲಿಕೆಯಾಯಿತು.

ಇನ್ನೊಂದು ಸೊಗಸಾದ ಏರ್ಪಾಡು ಸವಾಲೀರಾಮ. ಇದು ಒಂದು ಕಲ್ಪಿತ ಪಾತ್ರ. ತರಗತಿಯಲ್ಲಿ ಬಗೆಹರಿಯದ ಪ್ರಶ್ನೆಗಳನ್ನು ಮಕ್ಕಳು ಪತ್ರ ಬರೆದು ಅವನಿಗೆ ಕಳುಹಿಸುತ್ತಿದ್ದರು, ಉತ್ತರವೂ ಅಂಚೆಯಲ್ಲಿ ಬರುತ್ತಿತ್ತು. ಮೇಷ್ಟರಿಗೆ ಎಲ್ಲವೂ ಗೊತ್ತಿರಬೇಕು ಎಂಬ ಭಾರ ಇದರಿಂದ ಹಗುರಾಯಿತು.

ಜಿಲ್ಲೆಯಿಂದ ಹೊರಗೆ

1978ರಲ್ಲಿ ಕಾರ್ಯಕ್ರಮ ಹದಿನಾರು ಶಾಲೆಗಳಿಂದ ಹೋಶಂಗಾಬಾದ್ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿತು. ಭೋಪಾಲದ ಪ್ರಾದೇಶಿಕ ಶಿಕ್ಷಣ ಕಾಲೇಜು ಇದರಲ್ಲಿ ಜೊತೆಗೂಡಿತು. ನಮ್ಮ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಹಾಗೆ ಅದೂ ಎನ್‌ಸಿಇಆರ್‌ಟಿಯದು. ಅದೇ ವರ್ಷ, ಐಐಟಿ ಕಾನ್ಪುರದಲ್ಲಿ ಓದಿ ಪುಣೆಯ ಟೆಲ್ಕೋದಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತ ರಜೆ ಹಾಕಿ ಕಿಶೋರ್ ಭಾರತಿಗೆ ಬಂದರು. ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಜ್ಯಾಮಿತಿಯ ಆಕೃತಿ ಕಟ್ಟುವ ಅವರ ಉಪಾಯ ಹುಟ್ಟಿದ್ದು ಅಲ್ಲಿಯೇ. ಇಂದು ಕರ್ನಾಟಕದ ಮಕ್ಕಳ ಶಿಬಿರಗಳಲ್ಲಿ ಕೈಯಿಂದ ಕೈಗೆ ಸಾಗುವ ‘ಕಸದಿಂದ ರಸ’ದ ಎಷ್ಟೋ ಆಟಿಕೆಗಳು ಅವರವೇ.

ಬೆಳೆದ ಕೆಲಸಕ್ಕೆ ಕಾಯಂ ನೆಲೆ ಬೇಕಾಗಿ 1982ರಲ್ಲಿ ‘ಏಕಲವ್ಯ’ ಸಂಸ್ಥೆ ಹುಟ್ಟಿತು. ವಿನೋದ್ ರೈನಾ ಮೊದಲಾದವರು ವಿಶ್ವವಿದ್ಯಾಲಯದ ನೌಕರಿ ಬಿಟ್ಟು ಬಂದರು. 1985ರಲ್ಲಿ ಮಕ್ಕಳ ಮಾಸಪತ್ರಿಕೆ ‘ಚಕಮಕ್’ ಬಂತು. ಮುಂದಿನ ದಶಕದಲ್ಲಿ ಶಿಕ್ಷಕರಿಗಾಗಿ ‘ಸಂದರ್ಭ’. ಇಡೀ ರಾಜ್ಯಕ್ಕೆ ಒಮ್ಮೆಲೇ ಹೇರದೆ, ಬೇರೆ ಬೇರೆ ಜಿಲ್ಲೆಗಳ ಕೆಲವು ಶಾಲಾ ಗುಂಪುಗಳಲ್ಲಿ ಬೀಜ ಬಿತ್ತುವಂತೆ ಕಾರ್ಯಕ್ರಮವನ್ನು ಹರಡಲಾಯಿತು. ಕೊನೆಯ ವರ್ಷಗಳಲ್ಲಿ ಅದು ಹದಿನೈದರಷ್ಟು ಜಿಲ್ಲೆಗಳ ಸುಮಾರು ಸಾವಿರ ಶಾಲೆಗಳಲ್ಲಿ, ವರ್ಷಕ್ಕೆ ಲಕ್ಷದಷ್ಟು ಮಕ್ಕಳನ್ನು ಮುಟ್ಟುತ್ತಿತ್ತು.

ಕೊರತೆಗಳೂ ಇದ್ದವು. ಕಿಟ್ಟಿನಲ್ಲಿ ಮುಗಿದ ಸಾಮಾನು ಎಷ್ಟೋ ಕಡೆ ಹೊತ್ತಿಗೆ ಬರುತ್ತಿರಲಿಲ್ಲ. ತರಬೇತಾದವರಿಗೆ ವರ್ಗವಾಗುತ್ತಿತ್ತು. ‘ಪುಸ್ತಕದಲ್ಲಿ ಓದಿ ಕಲಿಯಲು ಏನೂ ಇಲ್ಲ, ಹೈಸ್ಕೂಲಿಗೆ ಹೋದರೆ ಮಗು ಹಿಂದೆ ಬೀಳುತ್ತದೆ’ ಎಂಬ ಪೋಷಕರ ಆತಂಕ ಎಂದೂ ಪೂರ್ತಿ ತಣಿಯಲಿಲ್ಲ. ಅಣು, ಪರಮಾಣುವಿನಂಥ, ಮಕ್ಕಳು ಪ್ರಯೋಗದಿಂದ ತಾವೇ ಕಂಡುಕೊಳ್ಳಲಾಗದ ವಿಷಯಗಳನ್ನು ಈ ಹಂತದಲ್ಲಿ ಏನು ಮಾಡಬೇಕು ಎಂಬ ಬಗ್ಗೆ ತಂಡದೊಳಗೇ ದೀರ್ಘ ಚರ್ಚೆ ನಡೆಯಿತು. ಸುಶೀಲ್ ಜೋಶಿಯವರು ಬರೆದಿರುವ ‘ಜಶ್ನ್-ಎ-ತಾಲೀಮ್’ ಎಂಬ ಇತಿಹಾಸದಲ್ಲಿ ಸಾಧನೆಯ ಜೊತೆಗೆ ಈ ಗೊಂದಲಗಳಿಗೂ ಜಾಗವಿದೆ.

ಆದೇಶದಿಂದ ಬಂದದ್ದು, ಆದೇಶದಿಂದ ಹೋದದ್ದು

2002ರಲ್ಲಿ ಮಧ್ಯಪ್ರದೇಶ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ರಾಜ್ಯಕ್ಕೆಲ್ಲ ಒಂದೇ ಪಠ್ಯ ಇರಬೇಕು ಎಂಬ ವಾದ ಮುಂದೆ ಬಂತು. ದೇಶದ ಅನೇಕ ವಿಜ್ಞಾನಿಗಳು, ಶಿಕ್ಷಣ ತಜ್ಞರು ವಿರೋಧಿಸಿ ಬರೆದರು, ತೀರ್ಮಾನ ಬದಲಾಗಲಿಲ್ಲ. ಗೋಷ್ಠಿ, ಭತ್ಯೆ, ಪ್ರತ್ಯೇಕ ಪರೀಕ್ಷೆ ಎಲ್ಲವೂ ಸರ್ಕಾರಿ ಆದೇಶದ ಬಲದಿಂದ ನಿಂತಿದ್ದವು, ಆದ್ದರಿಂದಲೇ ಸಾಮಾನ್ಯ ಶಾಲೆಗಳಲ್ಲಿ ಮೂವತ್ತು ವರ್ಷ ನಡೆದವು. ಅದೇ ಕಾರಣಕ್ಕೆ ಇನ್ನೊಂದು ಆದೇಶ ಬಂದ ದಿನ ಅವು ಒಟ್ಟಿಗೇ ಬಿದ್ದವು. ಹೊರಗಿನಿಂದ ಮಾದರಿ ಶಾಲೆ ನಡೆಸಿದ್ದರೆ ಈ ಅಪಾಯ ಇರುತ್ತಿರಲಿಲ್ಲ. ಸಾವಿರ ಶಾಲೆಗಳೂ ಇರುತ್ತಿರಲಿಲ್ಲ.

ಉಳಿದದ್ದು ಮನುಷ್ಯರಲ್ಲಿ ಮತ್ತು ವಿಚಾರಗಳಲ್ಲಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಸಮಿತಿಗೆ ಯಶ್‌ಪಾಲ್ ಅಧ್ಯಕ್ಷರಾಗಿದ್ದರು. ಕಂಠಪಾಠದಿಂದ ಬಿಡುಗಡೆ, ಶಾಲೆಯ ಹೊರಗಿನ ಬದುಕಿನೊಂದಿಗೆ ಜ್ಞಾನದ ನಂಟು ಎಂದು ಅದು ಹೇಳಿದ್ದನ್ನು ಹೋಶಂಗಾಬಾದಿನ ಮೇಷ್ಟರು ಅದಕ್ಕೂ ಎಷ್ಟೋ ಮೊದಲೇ ತರಗತಿಯಲ್ಲಿ ಮಾಡಿ ನೋಡಿದ್ದರು.

ಕನ್ನಡನಾಡಿಗೂ ಈ ಬಗೆಯ ಕೆಲಸ ಅಪರಿಚಿತವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿವ್ಯಾಲಿಗೆ ಹೋಗಿ ನೋಡಿಬಂದು ತಾವೇ ಕಾರ್ಡುಗಳನ್ನು ರಚಿಸಿ ‘ನಲಿಕಲಿ’ಯನ್ನು ಶುರುಮಾಡಿದರು. ಶಿಕ್ಷಕರು ರೂಪಿಸಿದಾಗ ಇದ್ದ ಚೈತನ್ಯವನ್ನು, ಅದು ರಾಜ್ಯವ್ಯಾಪಿ ಯೋಜನೆಯಾದ ಮೇಲೆ ಕಾಪಾಡಿಕೊಳ್ಳುವುದು ಎಷ್ಟು ಕಷ್ಟ ಎಂಬುದೂ ನಮಗೆ ಗೊತ್ತು. ಕ್ಲಸ್ಟರ್ ಸಮಾಲೋಚನಾ ಸಭೆ ನಮ್ಮಲ್ಲೂ ಇದೆ. ಅದು ಸುತ್ತೋಲೆ ಓದುವ, ಅಂಕಿಅಂಶ ತುಂಬುವ ಸಭೆಯೋ, ಫಲಿಸದ ಪ್ರಯೋಗವನ್ನು ಮೇಜಿನ ಮೇಲಿಟ್ಟು ಮಾತಾಡುವ ಸಭೆಯೋ ಎಂಬುದನ್ನು ಪ್ರತಿ ಕ್ಲಸ್ಟರಿನವರೂ ಕೇಳಿಕೊಳ್ಳಬೇಕು.

ಹೋಶಂಗಾಬಾದಿನ ಐವತ್ತನ್ನು ನೆನೆಯುವುದೆಂದರೆ ಅಲ್ಲಿನ ಕಿಟ್ಟನ್ನು ನಕಲು ಮಾಡುವುದಲ್ಲ. ವಿಜ್ಞಾನ ಶಿಕ್ಷಕರಿಗೆ ತಿಂಗಳಿಗೆ ಒಂದು ಪೂರ್ತಿ ದಿನ, ಆ ದಿನದ ಭತ್ಯೆ, ಪಠ್ಯವನ್ನು ಪ್ರಶ್ನಿಸುವ ಹಕ್ಕು, ಪ್ರಶ್ನೆಪತ್ರಿಕೆಯ ಮೇಲೆ ಒಂದಿಷ್ಟು ಅಧಿಕಾರ, ಇವನ್ನು ಯಾವ ತಾಲ್ಲೂಕು ಕೊಡಲು ಸಿದ್ಧವಿದೆಯೋ ಅಲ್ಲಿ ಆ ಕೆಲಸವನ್ನು ಮತ್ತೆ ಶುರುಮಾಡಬಹುದು. ಶುರುವಿಗೆ ಹದಿನಾರು ಶಾಲೆ ಸಾಕು.