ಕಾಕಾನ ಚೀಟಿಯಲ್ಲಿದ್ದ ಅರ್ಧ ಹೆಸರು

ಬೇಸಿಗೆ ಬಂತೆಂದರೆ ಕಲ್ಮಲದ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರಲ್ಲಿ ಗಂಟುಮೂಟೆ ಹೊತ್ತವರೇ ಹೆಚ್ಚು. ದೇವದುರ್ಗ, ಮಾನ್ವಿ ಕಡೆಯ ಮಂದಿ ಗುಳೆ ಹೊರಡುವ ಕಾಲ ಅದು. ನನ್ನ ಕಾಕಾನೂ 90ರ ದಶಕದಲ್ಲಿ ಹೀಗೆಯೇ ಮುಂಬೈಗೆ ಹೋಗಿ, ಮೂರೇ ವರ್ಷಕ್ಕೆ ಎಲುಬಿನ ಗೂಡಾಗಿ ತಿರುಗಿ ಬಂದ. ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದು ಕ್ಷಯ. ಊರವರು ಪಿಸುಗುಟ್ಟಿದ್ದು 'ಆ ಬ್ಯಾನಿ'. ಅವ್ವ ಅವನ ತಾಟು, ಚರಗಿ ಬೇರೆ ಇಟ್ಟಳು. ಎಚ್‌ಐವಿ ಪರೀಕ್ಷೆ ಮಾತ್ರ ಆಗಲೇ ಇಲ್ಲ.

ಪರೀಕ್ಷೆ ಇರಲಿಲ್ಲವೆಂದಲ್ಲ. 1981ರಲ್ಲಿ ಅಮೆರಿಕದಲ್ಲಿ ರೋಗ ಗಮನಕ್ಕೆ ಬಂತು, 1983ರಲ್ಲಿ ಪ್ಯಾರಿಸ್ಸಿನಲ್ಲಿ ವೈರಾಣು ಸಿಕ್ಕಿತು, 1985ಕ್ಕೆ ರಕ್ತದಲ್ಲಿನ ಪ್ರತಿಕಾಯ ಪತ್ತೆಹಚ್ಚುವ ಎಲಿಸಾ ಬಂತು. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ರಕ್ತ ಸಂಗ್ರಹಿಸಿ, ಮನೆಯ ಫ್ರಿಜ್ಜಿನಲ್ಲಿಟ್ಟು, ವೆಲ್ಲೂರಿಗೆ ಒಯ್ದರು. 6 ಮಾದರಿಗಳು ಹಳದಿಯಾದವು. ಭಾರತಕ್ಕೆ ಎಚ್‌ಐವಿ ಬಂದಿದೆ ಎಂದು ದೇಶಕ್ಕೆ ತಿಳಿದದ್ದು ಹೀಗೆ. ಆದರೆ ರಕ್ತ ಕೊಟ್ಟ ಹೆಣ್ಣುಮಕ್ಕಳಿಗೆ ಅದು ಯಾವ ಪರೀಕ್ಷೆಗೆ ಎಂದು ಹೇಳಿರಲಿಲ್ಲ. ಈ ಚರಿತ್ರೆಯನ್ನು ಓದುವಾಗಲೆಲ್ಲ ನಾನು ಇಲ್ಲೇ ನಿಲ್ಲುತ್ತೇನೆ.

ಕಾಕಾನ ಚೀಟಿ ಸುಳ್ಳಿರಲಿಕ್ಕಿಲ್ಲ. ಅರ್ಧ ನಿಜ ಇದ್ದೀತು. ಎಚ್‌ಐವಿ ಹಿಡಿಯುವುದು ರಕ್ತದ ಸಿಡಿ4 ಕಣಗಳನ್ನು, ಅಂದರೆ ಉಳಿದ ರಕ್ಷಣಾ ಕಣಗಳಿಗೆ ಸುದ್ದಿ ಮುಟ್ಟಿಸುವ ಕಣಗಳನ್ನು. ಆರೋಗ್ಯವಂತರಲ್ಲಿ ಘನ ಮಿಲಿಮೀಟರಿಗೆ 500ಕ್ಕಿಂತ ಹೆಚ್ಚಿರುವ ಇವು ವರ್ಷಾನುವರ್ಷ ಸದ್ದಿಲ್ಲದೆ ಕರಗುತ್ತವೆ. 200ಕ್ಕಿಂತ ಕೆಳಗಿಳಿದರೆ ಅದು ಏಡ್ಸ್ ಹಂತ. ಅಷ್ಟರೊಳಗೇ ಮೈಯಲ್ಲಿ ಮಲಗಿದ್ದ ಕ್ಷಯ ಎದ್ದು ಕೂರಬಹುದು. ಹರಡುವ ದಾರಿಗಳೋ ಕೆಲವೇ: ಅಸುರಕ್ಷಿತ ಸಂಭೋಗ, ಸೋಂಕಿನ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗುವಿಗೆ. ಅವ್ವ ಬೇರೆ ಇಟ್ಟ ತಾಟು ಯಾರನ್ನೂ ಕಾಯಲಿಲ್ಲ.

ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಗೂ ಅದು ಕಾಣದಿರಬಹುದು. ಅದಕ್ಕೇ ಸಂಶಯವಿದ್ದವರಿಗೆ ಮತ್ತೆ ಬರಹೇಳುತ್ತಾರೆ. ಒಂದೇ ಪರೀಕ್ಷೆ ನಂಬಿ ಸೋಂಕಿದೆ ಎನ್ನುವುದಿಲ್ಲ, ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. 2017ರ ಕಾಯ್ದೆಯಂತೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ.

ಸರ್ಕಾರ ಉಚಿತ ಎಆರ್‌ಟಿ ಔಷಧ ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಕಾಕಾ 1998ರಲ್ಲೇ ತೀರಿಕೊಂಡಿದ್ದ. ಮುಂದೆ ಎಷ್ಟೋ ವರ್ಷಕ್ಕೆ ಚಿಗವ್ವ ಒಬ್ಬಳೇ ರಾಯಚೂರಿಗೆ ಹೋಗಿ ರಕ್ತ ಕೊಟ್ಟು ಬಂದಳು. ಏನಾಯಿತೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.