ಟ್ರಂಕಿನೊಳಗಿನ ರಾಜ, ಮಳೆಗೆ ಕರಗಿದ ಎತ್ತು

ದಸರಾ ಗೊಂಬೆಗಳ ಬಗ್ಗೆ ಬರೆಯೋರೆಲ್ಲ ಅವು ಮೆಟ್ಟಿಲ ಮೇಲೆ ಕೂತಿರೋ ಹತ್ತು ದಿನಗಳ ಬಗ್ಗೆ ಬರೀತಾರೆ. ವರ್ಷದ ಉಳಿದ 355 ದಿನ ಅವು ಎಲ್ಲಿರ್ತವೆ? ಟ್ರಂಕಿನಲ್ಲಿ. ನನಗೆ ಕುತೂಹಲ ಇರೋದು ಆ ಟ್ರಂಕಿನ ಬಗ್ಗೆ. ಯಾರೋ ಬಟ್ಟೆ ಸುತ್ತಿ ಎತ್ತಿಟ್ಟರೆ ತಾನೇ ಒಂದು ಗೊಂಬೆ ನೂರು ವರ್ಷ ಆದ್ಮೇಲೆ ಇತಿಹಾಸ ಅನ್ನಿಸಿಕೊಳ್ಳೋದು?

ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು ಅನ್ನೋದನ್ನ ಶಾಲೆಯಲ್ಲೇ ಓದಿರ್ತೀವಿ. ಅರಮನೆಯ ದಸರಾ ಬೀದಿಯಲ್ಲಿ ಆನೆ, ಅಂಬಾರಿ ಆದರೆ ಮನೆಯೊಳಗಿನ ದಸರಾ ಗೊಂಬೆ. ಮೈಸೂರು ಅರಮನೆಯಲ್ಲಿ ಗೊಂಬೆಗಳ ಹೆಸರಿನದೇ ಒಂದು ತೊಟ್ಟಿ ಇದೆ, ಗೊಂಬೆ ತೊಟ್ಟಿ ಅಂತ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯ್ತು, 1912ರಲ್ಲಿ ಈಗಿನ ಅರಮನೆ ಮುಗೀತು. ಒಳಗೆ ಹೋಗೋರು ಈ ತೊಟ್ಟಿಯನ್ನ ಹಾದೇ ಹೋಗಬೇಕು. ದರ್ಬಾರ್ ಹಾಲ್ ನೋಡೋ ಅವಸರದಲ್ಲಿ ಹೆಚ್ಚಿನವರು ಅಲ್ಲಿ ನಿಲ್ಲೋದೇ ಇಲ್ಲ.

ಮನೆಗಳಲ್ಲಿ ಗೊಂಬೆ ಜೋಡಿಸೋದಕ್ಕೆ ಒಂದು ಲೆಕ್ಕ ಇದೆ. ಮೆಟ್ಟಿಲು ಬೆಸಸಂಖ್ಯೆಯಲ್ಲಿರಬೇಕು: ಮೂರು, ಐದು, ಏಳು, ಒಂಬತ್ತು. ಮೇಲೆ ಪಟ್ಟದ ಗೊಂಬೆಗಳು, ಅಂದ್ರೆ ಮರದ ರಾಜ, ರಾಣಿ. ಹಳೇ ಮೈಸೂರಿನ ಕಡೆ ಮಗಳನ್ನ ಮದುವೆ ಮಾಡಿ ಕಳಿಸುವಾಗ ಈ ಜೋಡಿಯನ್ನ ಕೊಟ್ಟು ಕಳಿಸೋ ಪದ್ಧತಿ. ಆಮೇಲೆ ದೇವರು, ದಶಾವತಾರ. ಕೆಳಗೆ ಅಂಗಡಿ ಇಟ್ಟುಕೊಂಡ ಶೆಟ್ಟಿ ದಂಪತಿ, ಮದುವೆ ದಿಬ್ಬಣ, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ. ನೆಲದ ಮೇಲೆ ರಾಗಿ ಮೊಳಕೆ ಬರಿಸಿದ ಹೊಲ, ಕನ್ನಡಿ ಚೂರಿನ ಕೆರೆ. ಸಮಾಜವನ್ನ ಹೇಗೆ ನೋಡ್ತಿದ್ರೋ ಹಾಗೇ ಜೋಡಿಸಿದ್ರು ನೋಡಿ. ರಾಜ ತುದಿಯಲ್ಲಿ, ರೈತ ನೆಲದಲ್ಲಿ.

ವಿಜಯದಶಮಿ ಆದ ಮೇಲೆ ರಾಜ ರಾಣಿಯನ್ನ ಮಲಗಿಸ್ತಾರೆ. ಅಲ್ಲಿಂದ ಶುರು ಎತ್ತಿಡೋ ಕೆಲಸ. ಬೆಂಗಳೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿಗೆ ಒಂದು ವರ್ಷ ಅಟ್ಟ ಹತ್ತೋ ಆಳು ಬೇಕಿತ್ತು, ಆ ಆಳು ನಾನೇ ಆದೆ. ಅವರ ನಿಯಮಗಳು ಸರಳ. ಮಣ್ಣಿನ ಭಾರದ ಗೊಂಬೆ ತಳಕ್ಕೆ, ಕಾಗದದ ಹಗುರ ಗೊಂಬೆ ಮೇಲಕ್ಕೆ. ಬಣ್ಣ ಮುಖ್ಯ ಇರೋ ಕಡೆ ಹಳೇ ಪಂಚೆ ಬಟ್ಟೆ, ಉಳಿದದ್ದಕ್ಕೆ ನ್ಯೂಸ್ ಪೇಪರ್. ಒಣಗಿಸಿದ ಬೇವಿನ ಸೊಪ್ಪು ಮೂಲೆ ಮೂಲೆಗೆ. ಒಂದು ಸೆಟ್‌ನ ಹತ್ತೂ ಗೊಂಬೆ ಒಂದೇ ಟ್ರಂಕಿಗೆ, "ಇಲ್ಲಾಂದ್ರೆ ಮುಂದಿನ ವರ್ಷ ವಾಮನ ಸಿಗಲ್ಲ ಕಣಪ್ಪಾ."

ಆ ಟ್ರಂಕಿನ ತಳದಲ್ಲಿ ಕೆಲವು ಕಟ್ಟುಗಳನ್ನ ಆಂಟಿ ಬಿಚ್ಚೋದೇ ಇಲ್ಲ. ಮೂಗು ಒಡೆದ, ಕೈ ಮುರಿದ ಗೊಂಬೆಗಳು. ಎಸೆಯೋಕೆ ಮನಸ್ಸಿಲ್ಲ, ಕೂರಿಸೋಕೆ ಶಾಸ್ತ್ರ ಇಲ್ಲ. ಒಂದಕ್ಕೆ ಸುತ್ತಿದ್ದ ಪೇಪರಿನ ಮೇಲೆ 1974 ಅಂತಿತ್ತು. ಅದು ಗೊಂಬೆ ಹುಟ್ಟಿದ ವರ್ಷವಲ್ಲ, ಕೊನೇ ಸಲ ಬೆಳಕು ಕಂಡ ವರ್ಷ. ಉತ್ಖನನ ಮಾಡೋರು ಮಣ್ಣಿನ ಪದರ ಎಣಿಸ್ತಾರಲ್ಲ, ಅದೇ ಲೆಕ್ಕ ಇಲ್ಲೂ. ಆದರೆ ಆ ಗೊಂಬೆ ಯಾರ ಮದುವೆಗೆ ಬಂದದ್ದು, ಯಾವ ಊರಿನದು ಅನ್ನೋದು ಪೇಪರಿನ ಮೇಲಿಲ್ಲ, ಆಂಟಿಯ ತಲೆಯಲ್ಲಿದೆ. ಅವರಿಗೆ ಆಗ ಎಪ್ಪತ್ತೆರಡು.

ಇಷ್ಟೆಲ್ಲ ನೋಡುವಾಗ ನನಗೆ ಕಾಡಿದ್ದು ನಮ್ಮೂರು. ನಾನು ಕೊಪ್ಪಳದ ಕಡೆಯವನು. ಮರದ ಗೊಂಬೆಗೆ ಹೆಸರಾದ ಕಿನ್ನಾಳ ಅಲ್ಲೇ ಇದೆ, ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿ ಬಣ್ಣ ಹಾಕ್ತಾರೆ. ಆದರೆ ನಮ್ಮ ಮನೆಯಲ್ಲಿ ಗೊಂಬೆಯ ಟ್ರಂಕು ಇರಲಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಅಟ್ಟ, ಪೆಟ್ಟಿಗೆ, ಹತ್ತು ದಿನ ಒಂದು ಕೋಣೆಯನ್ನ ಗೊಂಬೆಗೆ ಬಿಟ್ಟುಕೊಡೋ ಅನುಕೂಲ, ಇವೆಲ್ಲ ಇದ್ದವರ ಹಬ್ಬ ಅದು.

ಹಾಗಂತ ನಮಗೆ ಗೊಂಬೆ ಇರಲಿಲ್ಲವಾ? ವರ್ಷವಿಡೀ ಇದ್ದವು! ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು. ಆಷಾಢದಲ್ಲಿ ಹುಡುಗಿಯರ ಗುಳ್ಳವ್ವ. ಪಂಚಮಿಗೆ ಮಣ್ಣಿನ ನಾಗಪ್ಪ, ಚೌತಿಗೆ ಗಣಪ, ಅದರ ಬೆನ್ನಿಗೇ ಬುಟ್ಟಿಯಲ್ಲಿ ಕೂತು ಮನೆಮನೆ ತಿರುಗೋ ಜೋಕುಮಾರ. ಅವ್ವ ಎರೆಮಣ್ಣು ಕಲಸಿ ಕೊಡೋಳು, ನಾವು ಜೋಡೆತ್ತು ಮಾಡಿ, ಮುಂದೆ ಗ್ವಾದಲಿ ಇಟ್ಟು, ಕಣ್ಣಿಗೆ ಜೋಳದ ಕಾಳು ಚುಚ್ಚೋದು. ಪೂಜೆ, ಎಡೆ ಆದ ಮೇಲೆ ಅವು ಬಾವಿಗೋ ಹಳ್ಳಕ್ಕೋ ಹೋಗ್ತಿದ್ವು. ಮಾಳಿಗೆ ಮೇಲೆ ಉಳಿದವು ಮೊದಲ ದೊಡ್ಡ ಮಳೆಗೆ ಕರಗ್ತಿದ್ವು. ಎತ್ತಿಡೋ ಮಾತೇ ಇಲ್ಲ. ಹೋಗೋದೇ ಹಬ್ಬದ ಕೊನೆ.

ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ 1950ರ ದಶಕದಲ್ಲಿ ಉತ್ಖನನ ನಡೀತು. ಅಲ್ಲಿದ್ದದ್ದು ನವಶಿಲಾಯುಗದ ದನಗಾಹಿಗಳು. ಬಂಡೆಗಳ ಮೇಲೆ ಡುಬ್ಬದ ದನಗಳನ್ನ ಬಿಡಿಸಿ ಹೋಗಿದ್ದಾರೆ. ಆ ಕಾಲದ ಜನ ಮಣ್ಣಿನಲ್ಲೂ ದನ ಮಾಡಿ ಸುಡ್ತಿದ್ರು, ಸುಟ್ಟವು ಉಳಿದವು. ಸುಡದೇ ಬಿಟ್ಟವು ಎಷ್ಟಿದ್ವೋ, ಅವು ನಮ್ಮ ಮಣ್ಣೆತ್ತಿನ ಹಾಗೆ ನೆಲಕ್ಕೆ ಸೇರಿರಬೇಕು. ಮ್ಯೂಸಿಯಂ ಕಪಾಟಿನ ಮುಂದೆ ನಿಂತಾಗ ಇದನ್ನ ನೆನಪಿಟ್ಟುಕೊಳ್ಳಬೇಕು. ನಮ್ಮ ಕಣ್ಣಿಗೆ ಬೀಳೋದು ಬೆಂಕಿ ಕಂಡ ಮಣ್ಣು ಮತ್ತು ಟ್ರಂಕು ಕಂಡ ಮರ ಮಾತ್ರ. ಅದನ್ನೇ ಇಡೀ ಇತಿಹಾಸ ಅಂದುಕೊಂಡರೆ ಓಣಿಗಟ್ಟಲೆ ಜನ ಲೆಕ್ಕದಿಂದ ಬಿಟ್ಟುಹೋಗ್ತಾರೆ.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳೋದಾದ್ರೆ, ಮೈಸೂರಿನ ಮನೆಗಳು ಫೈಲನ್ನ ಕಾಪಾಡಿದವು, ನಮ್ಮವರು ಸೋರ್ಸ್ ಕೋಡನ್ನ ಕಾಪಾಡಿದರು. ಎತ್ತು ಹೋದರೂ ಎತ್ತು ಮಾಡೋ ಕೈ ಇತ್ತು, ಮುಂದಿನ ಅಮಾವಾಸ್ಯೆಗೆ ಮತ್ತೆ ಹೊಸದು. ಎರಡೂ ಒಳ್ಳೇ ಬ್ಯಾಕಪ್ಪೇ, ಎರಡೂ ಈಗ ಅಪಾಯದಲ್ಲಿವೆ. ಅಪಾರ್ಟ್‌ಮೆಂಟಿನಲ್ಲಿ ಅಟ್ಟ ಇಲ್ಲ. ಒಂಬತ್ತು ಮೆಟ್ಟಿಲಿನ ಗೊಂಬೆಗಳು ಮೂರಕ್ಕೆ ಇಳಿದು, ಉಳಿದವು ಯಾರ ಯಾರಿಗೋ ಹಂಚಿಹೋಗ್ತಿವೆ. ನಮ್ಮೂರಲ್ಲಿ ಟ್ರ್ಯಾಕ್ಟರ್ ಬಂದು ಎತ್ತೇ ಅಪರೂಪ. ಅಮಾವಾಸ್ಯೆಗೆ ಸಂತೆಯಿಂದ ಅಚ್ಚಿನ ಎತ್ತು ತರ್ತಾರೆ, ಹೊಳೆಯೋ ಬಣ್ಣದ್ದು. ಮಗುವಿನ ಕೈಗೆ ಮಣ್ಣು ಹತ್ತೋದಿಲ್ಲ. ಟ್ರಂಕು ಹೋದ್ರೆ ಗೊತ್ತಾಗುತ್ತೆ, ಜಾಗ ಖಾಲಿ ಕಾಣುತ್ತೆ. ಕೈ ಮರೆತದ್ದು ಯಾರಿಗೂ ಕಾಣಲ್ಲ.

ನಿಮ್ಮ ಮನೆಯಲ್ಲಿ ಗೊಂಬೆ ಟ್ರಂಕು ಇದ್ರೆ ಈ ಸಲ ಎತ್ತಿಡುವಾಗ ಒಂದು ಕೆಲಸ ಮಾಡಿ. ಪ್ರತಿ ಗೊಂಬೆ ಜೊತೆ ಒಂದು ಚೀಟಿ ಹಾಕಿ: ಯಾರು ತಂದದ್ದು, ಯಾವಾಗ, ಎಲ್ಲಿಂದ. ಪೆನ್ಸಿಲ್ಲಿನಲ್ಲಿ ಬರೀರಿ, ಇಂಕು ತೇವಕ್ಕೆ ಹರಡುತ್ತೆ. ಅಮ್ಮ, ಅಜ್ಜಿ ಹೇಳ್ತಾ ಹೋಗಲಿ, ನೀವು ಬರೆದುಕೊಳ್ಳಿ. ಅರ್ಧ ದಿನದ ಕೆಲಸ. ಟ್ರಂಕು ಇಲ್ಲದ ನನ್ನಂಥವರಿಗೆ ಚೀಟಿ ಸಾಲಲ್ಲ. ಎರಡು ಹಿಡಿ ಮಣ್ಣು ಬೇಕು, ಮಗುವಿನ ಪಕ್ಕ ನೆಲದ ಮೇಲೆ ಕೂರೋಕೆ ಒಂದು ಸಂಜೆ ಬೇಕು. ಮೊದಲ ಎತ್ತು ನಾಯಿ ಥರ ಕಾಣುತ್ತೆ. ಪರವಾಗಿಲ್ಲ, ಕರಗೋದೇ ತಾನೇ!