ಕೊನೆಯ ಸಿಪಾಯಿಯ ಹುಡುಕಾಟ

1959ರ ಡಿಸೆಂಬರ್ 19ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ವಾಲ್ಟರ್ ವಿಲಿಯಮ್ಸ್ ಎಂಬ ವಯೋವೃದ್ಧರು ಕೊನೆಯುಸಿರೆಳೆದರು. ಅವರ ವಯಸ್ಸು 117 ಎಂದು ಪತ್ರಿಕೆಗಳು ಬರೆದವು. 1861ರಿಂದ 1865ರವರೆಗೆ ಆ ದೇಶವನ್ನು ಸೀಳಿದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಮಿಗಿಲಾದ ಸೈನಿಕರು ಮಡಿದಿದ್ದರು. ಬದುಕುಳಿದವರಲ್ಲಿ ಕಟ್ಟಕಡೆಯವರು ಈ ವಿಲಿಯಮ್ಸ್ ಎಂದು ರಾಷ್ಟ್ರವೇ ನಂಬಿತ್ತು. ಅಧ್ಯಕ್ಷ ಐಸೆನ್‌ಹೋವರ್ ಶೋಕಾಚರಣೆ ಘೋಷಿಸಿದರು. ಸೇನಾ ಗೌರವದೊಂದಿಗೆ ಶವಸಂಸ್ಕಾರ ನೆರವೇರಿತು.

ಪ್ರಿಯ ಓದುಗರೇ, ಇಷ್ಟೆಲ್ಲ ನಡೆಯುವುದಕ್ಕೆ ಮೂರು ತಿಂಗಳ ಮೊದಲೇ ಲೋವೆಲ್ ಬ್ರಿಡ್ವೆಲ್ ಎಂಬ ಪತ್ರಕರ್ತರು ಒಂದು ವರದಿಯನ್ನು ಪ್ರಕಟಿಸಿದ್ದರು. ಅವರು ಮಾಡಿದ್ದು ಬಹಳ ಸರಳವಾದ ಕೆಲಸ. ಮುದುಕರು ತಾವು ಹುಟ್ಟಿದ್ದು ಮಿಸಿಸಿಪಿ ರಾಜ್ಯದ ಇಟವಾಂಬ ಎಂಬ ಜಿಲ್ಲೆಯಲ್ಲಿ, 1842ರಲ್ಲಿ, ಎಂದು ಹೇಳಿಕೊಂಡಿದ್ದರು. ಬ್ರಿಡ್ವೆಲ್ ಆ ಜಿಲ್ಲೆಯ 1860ರ ಜನಗಣತಿಯ ಕಡತವನ್ನು ತೆರೆದು ನೋಡಿದರು. ವಿಲಿಯಮ್ಸರ ತಂದೆತಾಯಿಗಳ ಮನೆಯಲ್ಲಿ ವಾಲ್ಟರ್ ಎಂಬ ಹುಡುಗನಿದ್ದುದು ನಿಜ. ಆದರೆ ಗಣತಿದಾರನು ಅವನ ಹೆಸರಿನ ಮುಂದೆ ಬರೆದ ವಯಸ್ಸು ಐದು. ಯುದ್ಧ ಮುಗಿದಾಗ ಹತ್ತು ಹನ್ನೊಂದರ ಹರೆಯದ ಆ ಬಾಲಕನು ಜನರಲ್ ಹುಡ್ ಅವರ ಟೆಕ್ಸಾಸ್ ಬ್ರಿಗೇಡಿಗೆ ಆಹಾರ ಸಾಮಗ್ರಿ ಒದಗಿಸುವ ಹೊಣೆ ಹೊತ್ತಿದ್ದನೆಂಬುದು ನಂಬತಕ್ಕ ಮಾತೇ? ವರದಿಯನ್ನು ಓದಿದವರು ಓದಿದರು. ಶೋಕಾಚರಣೆ ಮಾತ್ರ ನಿಲ್ಲಲಿಲ್ಲ.

ಈ ಮುದುಕರನ್ನು ಖಂಡಿಸುವ ಮೊದಲು ಅವರು ಸುಳ್ಳು ಹೇಳಿದ ವರ್ಷವನ್ನು ತಾವು ಗಮನಿಸಬೇಕು. ವಿಲಿಯಮ್ಸ್ ಟೆಕ್ಸಾಸ್ ಸರ್ಕಾರಕ್ಕೆ ಮಾಜಿ ಸೈನಿಕರ ಪಿಂಚಣಿಗಾಗಿ ಅರ್ಜಿ ಹಾಕಿದ್ದು 1932ರಲ್ಲಿ. ಅಮೆರಿಕದ ಮಹಾ ಆರ್ಥಿಕ ಕುಸಿತವು ತನ್ನ ಅತಿ ಕೆಟ್ಟ ಘಟ್ಟದಲ್ಲಿದ್ದ ಕಾಲವದು. ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದವು, ಬೆಳೆಗೆ ಬೆಲೆಯಿರಲಿಲ್ಲ, ವೃದ್ಧರಿಗಾಗಿ ಸಾರ್ವತ್ರಿಕ ಪಿಂಚಣಿ ಎಂಬುದು ಇನ್ನೂ ಹುಟ್ಟಿರಲಿಲ್ಲ. ಅದಕ್ಕೆ ದಾರಿ ಮಾಡಿದ ಸಾಮಾಜಿಕ ಭದ್ರತಾ ಕಾನೂನು ಬಂದದ್ದು 1935ರಲ್ಲಿ. ಎಪ್ಪತ್ತೇಳು ಎಪ್ಪತ್ತೆಂಟರ ಬಡ ರೈತನೊಬ್ಬನು ವಯಸ್ಸಿಗೆ ಹನ್ನೆರಡು ವರ್ಷ ಸೇರಿಸಿಕೊಂಡರೆ ತಿಂಗಳು ತಿಂಗಳೂ ಕೈಗೆ ಒಂದಿಷ್ಟು ಹಣ ಬರುತ್ತಿತ್ತು. ಹೊಟ್ಟೆಪಾಡಿನ ಈ ಸುಳ್ಳಿಗೂ ಹೆಮ್ಮೆಯ ಸುಳ್ಳಿಗೂ ಅಂತರವಿದೆಯೆಂದೇ ನನ್ನ ಅಭಿಪ್ರಾಯ. ಆದರೆ ಮೊದಲನೆಯದು ಎಷ್ಟು ಸಲೀಸಾಗಿ ಎರಡನೆಯದಾಗಿ ಬೆಳೆಯುತ್ತದೆ ಎಂಬುದಕ್ಕೂ ಇದೇ ವಿಲಿಯಮ್ಸರು ನಿದರ್ಶನ. 1932ರಲ್ಲಿ ಒಂದು ಅರ್ಜಿಯಾಗಿದ್ದದ್ದು 1959ರ ಹೊತ್ತಿಗೆ ಸೇನಾ ಸಮವಸ್ತ್ರವಾಗಿ, ಪತ್ರಿಕೆಗಳ ಛಾಯಾಚಿತ್ರವಾಗಿ, ಕೊನೆಗೆ ರಾಷ್ಟ್ರದ ಕಣ್ಣೀರಾಗಿ ಬೆಳೆದಿತ್ತು.

ಇಂಥ ಅರ್ಜಿಗಳನ್ನು ಪರೀಕ್ಷಿಸುವುದು ಸುಲಭವಿರಲಿಲ್ಲ. ಉತ್ತರದ ಸೈನಿಕರಿಗೆ ಕೇಂದ್ರ ಸರ್ಕಾರವೇ ಪಿಂಚಣಿ ಕೊಡುತ್ತಿತ್ತು, ಅವರ ಹಾಜರಿ ಪಟ್ಟಿಗಳು ವಾಷಿಂಗ್ಟನ್ನಿನಲ್ಲಿ ಭದ್ರವಾಗಿದ್ದವು. ಸೋತ ದಕ್ಷಿಣದ ಸೈನಿಕರಿಗೆ ಆಯಾ ರಾಜ್ಯಗಳೇ ಗತಿ. 1865ರ ಏಪ್ರಿಲ್‌ನಲ್ಲಿ ರಿಚ್ಮಂಡ್ ನಗರವು ಪತನಗೊಂಡಾಗ ದಕ್ಷಿಣದ ಕಡತಗಳಲ್ಲಿ ಅನೇಕವು ಸುಟ್ಟುಹೋದವು, ಉಳಿದವು ಚದುರಿದವು. ಹೀಗಾಗಿ ಕಾಗದವಿಲ್ಲದ ಕಡೆ ಬಲ್ಲವರ ಪ್ರಮಾಣವಚನವನ್ನೇ ಸಾಕ್ಷಿಯಾಗಿ ಒಪ್ಪುವುದು ರೂಢಿಯಾಯಿತು. ನೆರೆಮನೆಯ ಮುದುಕನಿಗೆ ನಾಲ್ಕು ಕಾಸು ಬರುವುದಾದರೆ ಬೇಡವೆನ್ನುವ ಸಾಕ್ಷಿದಾರ ಯಾವ ಊರಿನಲ್ಲಿದ್ದಾನೆ?

ವಿಲಿಯಮ್ಸ್ ಒಬ್ಬರೇ ಅಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ತೀರಿಕೊಂಡ ವರ್ಜೀನಿಯಾದ ಜಾನ್ ಸ್ಯಾಲಿಂಗ್ ಎಂಬವರು, ತಾವು ಮದ್ದಿನ ತಯಾರಿಕೆಗಾಗಿ ಪೆಟ್ಲುಪ್ಪನ್ನು ಅಗೆದು ಕೊಟ್ಟವರೆಂದು ಹೇಳುತ್ತಿದ್ದರು. ಯುದ್ಧ ಆರಂಭವಾದಾಗ ಅವರು ಎಳೆಯ ಮಗು. 1957ರಲ್ಲಿ ಮರಣಹೊಂದಿದ ಫ್ಲಾರಿಡಾದ ವಿಲಿಯಂ ಲಂಡಿಯವರಿಗೆ ಯುದ್ಧ ಮುಗಿದಾಗ ಐದಾರು ವರ್ಷ. ವಿಲಿಯಂ ಮಾರ್ವೆಲ್ ಎಂಬ ಇತಿಹಾಸಕಾರರು ಈ ಕೊನೆಯವರೆಲ್ಲರ ಗಣತಿ ದಾಖಲೆಗಳನ್ನೂ ಸೈನ್ಯದ ದಾಖಲೆಗಳನ್ನೂ ಜೋಡಿಸಿ ನೋಡಿ 1991ರಲ್ಲಿ ಒಂದು ಲೇಖನ ಬರೆದರು. ದಕ್ಷಿಣದ ಕೊನೆಯ ಸೈನಿಕರೆಂದು ಮನ್ನಣೆ ಪಡೆದಿದ್ದ ಕಡೆಯ ಹನ್ನೆರಡು ಮಂದಿಯಲ್ಲಿ ನಿಜವಾದವನು ಒಬ್ಬನೂ ಇರಲಿಲ್ಲ ಎಂಬುದು ಅವರ ತೀರ್ಮಾನ. 1958ರಲ್ಲಿ ಅಮೆರಿಕದ ಸಂಸತ್ತು ಹಳೆಯ ವೈರವನ್ನು ಮರೆತು ದಕ್ಷಿಣದ ಸೈನಿಕರಿಗೂ ಕೇಂದ್ರದ ಪಿಂಚಣಿಯನ್ನು ಕೊಡುವ ಕಾನೂನು ಮಾಡಿತು. ಆಗ ಬದುಕಿದ್ದವರೆಂದು ಲೆಕ್ಕಕ್ಕೆ ಸಿಕ್ಕವರು ಇಬ್ಬರು, ಸ್ಯಾಲಿಂಗ್ ಮತ್ತು ವಿಲಿಯಮ್ಸ್! ತೊಂಬತ್ತಮೂರು ವರ್ಷ ತಡವಾಗಿ ಬಂದ ಆ ಕ್ಷಮೆಯನ್ನು ಸ್ವೀಕರಿಸಲು ನಿಜವಾದ ಸೈನಿಕನೊಬ್ಬನೂ ಉಳಿದಿರಲಿಲ್ಲ.

ಹಾಗಾದರೆ ನಿಜವಾದ ಕೊನೆಯವನು ಯಾರು? ಅಲಬಾಮಾದ ಪ್ಲೆಸೆಂಟ್ ಕ್ರಂಪ್ ಎಂಬ ರೈತ. ಹತ್ತನೆಯ ಅಲಬಾಮಾ ಪದಾತಿದಳಕ್ಕೆ ಹದಿಹರೆಯದಲ್ಲಿ ಸೇರಿ, ಜನರಲ್ ಲೀ ಶರಣಾದಾಗ ಅಪೊಮ್ಯಾಟೊಕ್ಸ್‌ನಲ್ಲಿದ್ದು, ಮನೆಗೆ ಹಿಂತಿರುಗಿ ಹೊಲ ಉತ್ತವರು. 1951ರ ಡಿಸೆಂಬರ್ 31ರಂದು, 104ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಆ ದಿನ ಒಂದು ಯುಗ ಮುಗಿದಿತ್ತು. ಆದರೆ ಇನ್ನೂ ಅನೇಕರು ‘ಬದುಕಿದ್ದಾರೆ’ ಎಂಬ ನಂಬಿಕೆಯಿದ್ದುದರಿಂದ ಅದನ್ನು ಯಾರೂ ಗಮನಿಸಲಿಲ್ಲ. ಸುಳ್ಳು ಯೋಧನು ಯಾರಿಗೆ ಅನ್ಯಾಯ ಮಾಡುತ್ತಾನೆ ಎಂದು ಕೇಳುವವರಿಗೆ ನಾನು ಕ್ರಂಪ್ ಅವರನ್ನು ತೋರಿಸುತ್ತೇನೆ. ಅವರ ಸ್ಥಾನವನ್ನು ಕದ್ದವರು ಅವರ ಹೆಸರನ್ನು ಕೇಳಿದ್ದರೋ ಇಲ್ಲವೋ.

ಉತ್ತರ ಪಕ್ಷದ ಕೊನೆಯ ಸೈನಿಕ ಆಲ್ಬರ್ಟ್ ವೂಲ್ಸನ್ 1956ರ ಆಗಸ್ಟ್ 2ರಂದು ಡುಲೂತ್ ನಗರದಲ್ಲಿ ತೀರಿಕೊಂಡರು. ಅವರ ದಾಖಲೆಗಳಿವೆ, ಸಂದೇಹವಿಲ್ಲ. 1864ರ ಅಕ್ಟೋಬರ್‌ನಲ್ಲಿ ಮಿನಿಸೋಟಾದ ಭಾರಿ ಫಿರಂಗಿದಳಕ್ಕೆ ಡೋಲು ಬಾರಿಸುವ ಹುಡುಗನಾಗಿ ಸೇರಿದವರು; ಅವರ ತುಕಡಿ ಒಂದು ಕಾಳಗವನ್ನೂ ಕಾಣಲಿಲ್ಲ. ಸೋಜಿಗವೆಂದರೆ ಇಂದು ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಅವರ ಕಂಚಿನ ಪ್ರತಿಮೆ ಕುಳಿತಿದೆ. ಗೆಟಿಸ್‌ಬರ್ಗ್ ಕಾಳಗ ನಡೆದದ್ದು ಅವರು ಸೈನ್ಯ ಸೇರುವುದಕ್ಕೆ ಒಂದು ವರ್ಷಕ್ಕೂ ಮೊದಲು. ತಾನು ಅಲ್ಲಿ ಕಾದಾಡಿದೆನೆಂದು ಆ ಮುದುಕರು ಹೇಳಿಕೊಂಡದ್ದಲ್ಲ; ಪ್ರತಿಮೆ ನಿಲ್ಲಿಸುವವರಿಗೆ ಅದೇ ಸ್ಥಳ ತಕ್ಕುದಾಗಿ ಕಂಡಿತು. ಕೇಳುವವರ ಹಂಬಲ ಎಷ್ಟು ಬಲವಾದುದೆಂದು ನೋಡಿ! ಯುದ್ಧದ ಶತಮಾನೋತ್ಸವ 1961ರಲ್ಲಿ ಬರಲಿತ್ತು. ಅಂಥ ಹೊತ್ತಿನಲ್ಲಿ ಬದುಕಿದ್ದ ‘ಕೊನೆಯ ಸಿಪಾಯಿ’ಯ ವಯಸ್ಸನ್ನು ಅಳೆಯಲು ಯಾರಿಗೆ ಮನಸ್ಸಾದೀತು? ಸುಳ್ಳು ಯೋಧನನ್ನು ಅವನೊಬ್ಬನೇ ಸೃಷ್ಟಿಸಿಕೊಳ್ಳುವುದಿಲ್ಲ. ಚಪ್ಪಾಳೆ ತಟ್ಟುವವರ ಕೈಯೂ ಅದರಲ್ಲಿರುತ್ತದೆ.

ಕೆಲವೊಮ್ಮೆ ಸರ್ಕಾರದ ಕೈಯೂ ಇರುತ್ತದೆ. ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ‘ಮೆಡಲ್ ಆಫ್ ಆನರ್’ ಅದೇ ಅಂತರ್ಯುದ್ಧದ ಕೂಸು. 1863ರ ಜೂನ್‌ನಲ್ಲಿ ಜನರಲ್ ಲೀಯವರ ದಂಡು ಉತ್ತರಕ್ಕೆ ನುಗ್ಗಿದಾಗ, ಸೇವಾವಧಿ ಮುಗಿದು ಮನೆಗೆ ಹೊರಟಿದ್ದ 27ನೆಯ ಮೇಯ್ನ್ ದಳದವರನ್ನು ರಾಜಧಾನಿಯ ರಕ್ಷಣೆಗಾಗಿ ಇನ್ನು ಕೆಲವು ದಿನ ಉಳಿಯಿರೆಂದು ಬೇಡಿಕೊಳ್ಳಲಾಯಿತು. ಉಳಿದವರಿಗೆ ಪದಕದ ಭರವಸೆ. ಸುಮಾರು ಮುನ್ನೂರು ಜನ ಉಳಿದರು. ಪದಕಗಳು ಮಾತ್ರ 864 ಬಂದವು. ಇಡೀ ದಳದ ಹೆಸರಿನಲ್ಲಿ, ಮನೆಗೆ ಹೋದವರದೂ ಸೇರಿ! ದಳದ ಕರ್ನಲ್ ವೆಂಟ್‌ವರ್ತ್ ಅವರು ಉಳಿದವರಿಗಷ್ಟೇ ಪದಕ ಹಂಚಿ, ಮಿಕ್ಕವನ್ನು ತಮ್ಮಲ್ಲೇ ಇರಿಸಿಕೊಂಡರಂತೆ. ಅಷ್ಟು ವಿವೇಕ ಅವರಿಗಿತ್ತು. 1916ರಲ್ಲಿ ಐದು ಜನ ನಿವೃತ್ತ ಜನರಲ್‌ಗಳ ಮಂಡಳಿಯೊಂದು ಪಟ್ಟಿಯನ್ನು ಜಾಲಾಡಿಸಿ, ಮರುವರ್ಷ ಒಟ್ಟು 911 ಹೆಸರುಗಳನ್ನು ಹೊಡೆದುಹಾಕಿತು, ಮೇಯ್ನ್‌ನ 864ನ್ನೂ.

ಆ 911ರಲ್ಲಿ ಒಂದು ಹೆಸರು ಡಾಕ್ಟರ್ ಮೇರಿ ವಾಕರ್ ಅವರದು. ರಣರಂಗದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ಶಸ್ತ್ರವೈದ್ಯೆ. 1864ರಲ್ಲಿ ಶತ್ರುಗಳ ಕೈಸೆರೆಯಾಗಿ ನಾಲ್ಕು ತಿಂಗಳು ಕಳೆದವರು. ನಿಯಮದ ಪ್ರಕಾರ ಅವರು ಸೈನಿಕರಾಗಿರಲಿಲ್ಲವೆಂಬುದು ಮಂಡಳಿಯ ಆಕ್ಷೇಪ. ಪದಕವನ್ನು ಹಿಂತಿರುಗಿಸಲು ಅವರು ಒಪ್ಪಲಿಲ್ಲ. 1919ರಲ್ಲಿ ಸಾಯುವವರೆಗೂ ಅದನ್ನು ಎದೆಯ ಮೇಲೆ ಧರಿಸಿದರು. ಕಾಗದದ ಲೆಕ್ಕದಲ್ಲಿ ಆ ಎರಡು ವರ್ಷ ಅವರೂ ಒಬ್ಬ ‘ಸುಳ್ಳು ಪದಕಧಾರಿ’! ಸರ್ಕಾರವು ಅವರ ಹೆಸರನ್ನು ಪಟ್ಟಿಗೆ ಮರಳಿ ಸೇರಿಸಿದ್ದು 1977ರಲ್ಲಿ.

ಈಚಿನ ಕಾಲಕ್ಕೆ ಬಂದರೆ ಹೊಟ್ಟೆಪಾಡು ಹಿಂದೆ ಸರಿದು ಹೆಮ್ಮೆ ಮುಂದೆ ಬರುತ್ತದೆ. ವಿಯೆಟ್ನಾಂ ಯುದ್ಧದಿಂದ ಮರಳಿದವರನ್ನು ಅಮೆರಿಕ ಮೊದಮೊದಲು ಮುಖ ತಿರುಗಿಸಿ ನಡೆಸಿಕೊಂಡಿತು. ಹದಿನೈದು ಇಪ್ಪತ್ತು ವರ್ಷಗಳ ಬಳಿಕ ಅದೇ ಯುದ್ಧದ ಯೋಧನೆನ್ನಿಸಿಕೊಳ್ಳುವುದು ಗೌರವವಾಯಿತು. ಗೌರವ ಬಂದಲ್ಲಿ ಬೇಷಧಾರಿಗಳೂ ಬಂದರು. ಟೆಕ್ಸಾಸ್‌ನ ಬರ್ಕೆಟ್ ಎಂಬ ನಿಜವಾದ ವಿಯೆಟ್ನಾಂ ಯೋಧರೊಬ್ಬರು ಮಾಹಿತಿ ಹಕ್ಕಿನ ಕಾನೂನಿನಡಿ ಸೇನಾ ಕಡತಗಳನ್ನು ತರಿಸಿ ಇಂಥವರನ್ನು ಬಯಲಿಗೆಳೆಯುತ್ತ ಹೋದರು. 1998ರಲ್ಲಿ ಪುಸ್ತಕವೊಂದನ್ನೂ ಪ್ರಕಟಿಸಿದರು. 2001ರಲ್ಲಿ ಬಯಲಾದ ಹೆಸರು ವಿದ್ವಾಂಸರನ್ನು ದಂಗುಬಡಿಸಿತು. ಅದೇ ವರ್ಷ ಇತಿಹಾಸಕ್ಕಾಗಿ ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದ ಪ್ರಾಧ್ಯಾಪಕ ಜೋಸೆಫ್ ಎಲ್ಲಿಸ್, ತಾವು ವಿಯೆಟ್ನಾಂನಲ್ಲಿ ಹೋರಾಡಿದ್ದಾಗಿ ತರಗತಿಯಲ್ಲಿ ಹೇಳುತ್ತಿದ್ದರು. ಅವರು ಸೈನ್ಯದಲ್ಲಿದ್ದುದು ದಿಟ. ಆದರೆ ಆ ಅವಧಿಯನ್ನು ವೆಸ್ಟ್ ಪಾಯಿಂಟ್ ಸೇನಾ ವಿದ್ಯಾಲಯದಲ್ಲಿ ಇತಿಹಾಸ ಬೋಧಿಸುತ್ತ ಕಳೆದಿದ್ದರು. ಅವರು ಕ್ಷಮೆ ಕೇಳಿದರು. ಕಾಲೇಜು ಒಂದು ವರ್ಷ ವೇತನವಿಲ್ಲದೆ ಅಮಾನತಿನಲ್ಲಿರಿಸಿತು. ಅನ್ನಕ್ಕೂ ಕೀರ್ತಿಗೂ ಕೊರತೆಯಿಲ್ಲದ ವ್ಯಕ್ತಿಗೆ ಈ ಸುಳ್ಳು ಏಕೆ ಬೇಕಾಯಿತು? ಪರರ ಸಾಹಸವನ್ನು ವಿವರಿಸುತ್ತ ಬದುಕಿದವನಿಗೆ ತನ್ನದೂ ಒಂದು ಇರಲೆಂಬ ಆಸೆ ಬರುವುದು ಅಸಹಜವೇನಲ್ಲ ಎಂದು ಊಹಿಸಬಹುದು. ಆದರೆ ಆ ವಿದ್ಯಾರ್ಥಿಗಳು ಅವರಲ್ಲಿಗೆ ಬಂದಿದ್ದು ಸಾಕ್ಷ್ಯವನ್ನು ಪರೀಕ್ಷಿಸುವ ಬಗೆಯನ್ನು ಕಲಿಯಲೆಂದು.

2006ರಲ್ಲಿ ಅಮೆರಿಕವು ಸುಳ್ಳು ಪದಕದ ಬಾಯಿಮಾತನ್ನೇ ಅಪರಾಧವನ್ನಾಗಿಸುವ ಕಾನೂನು ತಂದಿತು. 2007ರಲ್ಲಿ ಕ್ಯಾಲಿಫೋರ್ನಿಯಾದ ಒಂದು ನೀರು ಸರಬರಾಜು ಮಂಡಳಿಗೆ ಚುನಾಯಿತರಾಗಿದ್ದ ಜೇವಿಯರ್ ಆಲ್ವರೆಜ್ ಎಂಬವರು ಸಭೆಯಲ್ಲಿ ಎದ್ದು ನಿಂತು, ತಾವು 25 ವರ್ಷ ನೌಕಾ ಪದಾತಿ ಸೈನ್ಯದಲ್ಲಿದ್ದವರೆಂದೂ 1987ರಲ್ಲಿ ಮೆಡಲ್ ಆಫ್ ಆನರ್ ಪಡೆದವರೆಂದೂ ಪರಿಚಯಿಸಿಕೊಂಡರು. ಅವರು ಒಂದು ದಿನವೂ ಸೈನ್ಯದಲ್ಲಿರಲಿಲ್ಲ. ಪ್ರಕರಣ ಸರ್ವೋಚ್ಚ ನ್ಯಾಯಾಲಯ ತಲುಪಿತು. 2012ರ ಜೂನ್ 28ರಂದು ಆರು ನ್ಯಾಯಮೂರ್ತಿಗಳು ಆ ಕಾನೂನನ್ನು ಅಸಿಂಧುವೆಂದರು, ಮೂವರು ಭಿನ್ನಮತ ತಳೆದರು. ಬರಿಯ ಸುಳ್ಳಿಗೆ ಸೆರೆಮನೆ ಎಂದಾದರೆ ಸರ್ಕಾರವು ಇನ್ನಾವ ಮಾತುಗಳನ್ನೆಲ್ಲ ತೂಗಲು ಹೊರಡುತ್ತದೆಯೋ ಎಂಬುದು ಬಹುಮತದ ಅಂಜಿಕೆ. ಸುಳ್ಳಿಗೆ ಮದ್ದು ಸತ್ಯವನ್ನು ಬಹಿರಂಗವಾಗಿ ಆಡುವುದು ಎಂದು ನ್ಯಾಯಮೂರ್ತಿ ಕೆನಡಿಯವರ ವಾದ. ಮರುವರ್ಷ ಬಂದ ಹೊಸ ಕಾನೂನು, ಸುಳ್ಳು ಪದಕ ತೋರಿಸಿ ಹಣವನ್ನೋ ಬೇರೆ ಲಾಭವನ್ನೋ ಪಡೆದರೆ ಮಾತ್ರ ಶಿಕ್ಷೆ ಎನ್ನುತ್ತದೆ. ಈ ಗೆರೆಯ ಪ್ರಕಾರ ಬಡತನದಿಂದ ಪಿಂಚಣಿ ಕೇಳಿದ ವಿಲಿಯಮ್ಸರ ಬಗೆಯವರು ಅಪರಾಧಿಗಳು, ಸಭೆಯಲ್ಲಿ ಎದೆಯುಬ್ಬಿಸಿದ ಆಲ್ವರೆಜ್ ಅಲ್ಲ. ನ್ಯಾಯಾಲಯದ ತೀರ್ಪು ಸರಿಯಾದದ್ದೇ ಎಂದು ನನಗನ್ನಿಸುತ್ತದೆ. ಆದರೂ ಈ ವೈಪರೀತ್ಯ ಮನಸ್ಸನ್ನು ಕಲಕದೆ ಬಿಡುವುದಿಲ್ಲ.

ನಮ್ಮ ದೇಶವೂ ಇದರಿಂದ ಹೊರತಲ್ಲ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ನಿಮಿತ್ತ 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಆರಂಭವಾದಾಗ, ಸೆರೆಮನೆಯ ದಾಖಲೆ ಸಿಗದವರು ಸಹಬಂದಿಗಳ ಪ್ರಮಾಣಪತ್ರ ತರಬಹುದಾಗಿತ್ತು. ಟೆಕ್ಸಾಸ್‌ನ ನೆರೆಹೊರೆಯ ಸಾಕ್ಷಿಯೇ ಇಲ್ಲಿಯೂ! ನಮ್ಮ ಬೀದರ, ಕಲಬುರಗಿ, ರಾಯಚೂರುಗಳಂತೆ ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಹೈದರಾಬಾದ್ ವಿಮೋಚನೆಯ ಹೋರಾಟಗಾರರೆಂದು ಪಿಂಚಣಿ ಪಡೆದವರ ಸಾಚಾತನದ ಪ್ರಶ್ನೆಯು 2005ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು.

ಇಷ್ಟಾಗಿ, ಕಾಗದವನ್ನೇ ದೇವರೆಂದು ನಂಬುವವರಿಗೆ ಒಂದು ಮಾತು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದಲ್ಲಿದ್ದ ಅಮೆರಿಕದ ಸೇನಾ ಕಡತಗಳ ಭಂಡಾರಕ್ಕೆ ಬೆಂಕಿ ಬಿತ್ತು. 1.6 ಕೋಟಿಗೂ ಹೆಚ್ಚು ಕಡತಗಳು ನಾಶವಾದವು; 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ನೂರಕ್ಕೆ ಎಂಬತ್ತು ಬೂದಿಯಾದವು. ಎರಡು ಮಹಾಯುದ್ಧಗಳಲ್ಲಿ ರಕ್ತ ಸುರಿಸಿದ ಎಷ್ಟೋ ಮಂದಿಗೆ ಅದರ ನಂತರ ತಾವು ತಾವೇ ಎಂದು ಸಾಬೀತುಪಡಿಸುವ ಪಾಡು. ಕಡತವಿಲ್ಲ ಎಂಬುದೊಂದರಿಂದಲೇ ಯಾರನ್ನೂ ವಂಚಕನೆನ್ನಲಾಗದು. ವಿಲಿಯಮ್ಸರನ್ನು ಹಿಡಿದುಕೊಟ್ಟದ್ದು ಇಲ್ಲದ ಕಾಗದವಲ್ಲ, ಇದ್ದ ಕಾಗದ.

ಕಾಗದ ಎಷ್ಟು ದೀರ್ಘಾಯುಷಿ ಎಂಬುದಕ್ಕೆ ಇನ್ನೊಂದು ಕಡತವಿದೆ. ಉತ್ತರ ಕ್ಯಾರೊಲೈನಾದ ಒಬ್ಬ ಸೈನಿಕ 1863ರಲ್ಲಿ ದಕ್ಷಿಣದ ಸೈನ್ಯದಿಂದ ಓಡಿಹೋಗಿ, ಮರುವರ್ಷ ಉತ್ತರದ ಪಕ್ಷವನ್ನು ಸೇರಿದ್ದನು. ಶೌರ್ಯದ ಕಥೆಯೇನೂ ಅವನದಲ್ಲ, ಪದಕವೂ ಇಲ್ಲ. ಆದರೆ ಹೆಸರು ಪಟ್ಟಿಯಲ್ಲಿತ್ತು. ಎಂಬತ್ತಮೂರನೆಯ ವಯಸ್ಸಿನಲ್ಲಿ ಅವನಿಗೊಬ್ಬ ಮಗಳು ಹುಟ್ಟಿದಳು. ಆ ಅಂಗವಿಕಲ ಮಗಳಿಗೆ ತಂದೆಯ ಸೇವೆಗಾಗಿ ಅಮೆರಿಕ ಸರ್ಕಾರವು ತಿಂಗಳಿಗೆ 73 ಡಾಲರ್ 13 ಸೆಂಟ್ ಪಿಂಚಣಿ ಕೊಡುತ್ತಿತ್ತು. ಆಕೆ ತೀರಿಕೊಂಡದ್ದು 2020ರ ಮೇ 31ರಂದು. ಅಂತರ್ಯುದ್ಧದ ಪಿಂಚಣಿಯ ಲೆಕ್ಕಪುಸ್ತಕವನ್ನು ಮುಚ್ಚಿದ್ದೂ ಆ ಬಳಿಕವೇ.